ಚಿತ್ರ ಒಂದು, ದನಿ ಎರಡು

ಕಳೆದ ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ತಂಗಿಯ ಮನೆಗೆ ಹೋಗಿದ್ದೆ. ಅವಳ ಮಗ ಒಂದು ಟಿ.ವಿ. ಚಾನೆಲ್‌ನಲ್ಲಿ ಎಂಜಿನಿಯರು. ಏನು ಕೆಲಸ ಮಾಡುತ್ತಾನೆಂದು ಯಾರು ಕೇಳಿದರೂ ತಂಗಿ "ಅದೇನೋ ಕಂಟ್ರೋಲ್ ರೂಮಂತೆ" ಎಂದು ಹೇಳಿ ಮುಗಿಸುತ್ತಾಳೆ. ಮೂವತ್ತು ವರ್ಷ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಟ್ಟ ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. "ನಿನ್ನ ಕೆಲಸ ಏನೂಂತ ನನಗೆ ತೋರಿಸು" ಎಂದೆ. ಒಂದು ಭಾನುವಾರ ಕರೆದುಕೊಂಡು ಹೋದ.

ಸ್ಟುಡಿಯೋ ಎಂದರೆ ದೊಡ್ಡ ದೊಡ್ಡ ದೀಪ, ಬಣ್ಣ ಹಚ್ಚಿದ ಮುಖ ಎಂದುಕೊಂಡಿದ್ದೆ. ಅವನು ಕರೆದೊಯ್ದದ್ದು ಮೇ ತಿಂಗಳಿನಲ್ಲೂ ಶಾಲು ಹೊದೆಯಬೇಕಾದ ಒಂದು ತಣ್ಣನೆಯ ಕೋಣೆಗೆ. ಬೀರುವಿನಂಥ ಕಬ್ಬಿಣದ ಪೆಟ್ಟಿಗೆಗಳು ಸಾಲಾಗಿ ನಿಂತಿದ್ದವು. ಹಿಂದೆ ಹೋಗಿ ನೋಡಿದರೆ ಜಡೆ ಹೆಣೆದಂತೆ ತಂತಿಗಳು, ಒಂದೊಂದಕ್ಕೂ ಒಂದು ಚೀಟಿ. "ಇದಕ್ಕೆ ರೂಟರ್ ಅಂತಾರೆ ದೊಡ್ಡಮ್ಮ. ಮನೇಲಿ ವೈಫೈಗೆ ಇರುತ್ತಲ್ಲ, ಅದಲ್ಲ, ಇದು ಬೇರೆ. ಎಲ್ಲಿಂದ ಬಂದದ್ದು ಎಲ್ಲಿಗೆ ಹೋಗಬೇಕು ಅನ್ನೋದನ್ನ ಇದು ನೋಡಿಕೊಳ್ಳುತ್ತೆ" ಎಂದ. ಆಮೇಲೆ ತನ್ನ ಲ್ಯಾಪ್‌ಟಾಪ್ ತೆರೆದು ಒಂದು ದೊಡ್ಡ ಕೋಷ್ಟಕ ತೋರಿಸಿದ. ಅಡ್ಡ ಸಾಲು, ಉದ್ದ ಸಾಲು, ಮನೆಮನೆಯಲ್ಲೂ ಒಂದೊಂದು ಅಂಕಿ.

ನನಗೆ ನಗು ಬಂತು. ಇದು ನಾನು ಪ್ರತಿ ವರ್ಷ ಜೂನ್ ತಿಂಗಳಲ್ಲಿ ತಲೆ ಕೆಡಿಸಿಕೊಂಡು ಬರೆಯುವ ಶಾಲೆಯ ವೇಳಾಪಟ್ಟಿಯೇ! ಹಾಗೆಂದು ಹೇಳಿದಾಗ ಅವನೂ ಒಪ್ಪಿದ. ಕ್ಯಾಮೆರಾ, ಮೈಕು, ಉಪಗ್ರಹದಿಂದ ಇಳಿದು ಬರುವುದು, ಇವೆಲ್ಲ ಸೋರ್ಸು. ನಮ್ಮ ಲೆಕ್ಕದಲ್ಲಿ ಟೀಚರು. ಪರದೆ, ರೆಕಾರ್ಡು ಮಾಡುವ ಯಂತ್ರ, ಪ್ರಸಾರಕ್ಕೆ ಹೊರಗೆ ಹೋಗುವ ದಾರಿ, ಇವು ಡೆಸ್ಟಿನೇಶನ್ನು, ಅಂದರೆ ತರಗತಿ. ಒಂದು ತರಗತಿಗೆ ಒಂದು ಪೀರಿಯಡ್‌ನಲ್ಲಿ ಒಬ್ಬರೇ ಟೀಚರು. ಆದರೆ ಇಲ್ಲಿ ಒಬ್ಬ ಟೀಚರು ಒಂದೇ ಹೊತ್ತಿಗೆ ಎಷ್ಟು ತರಗತಿಗೆ ಬೇಕಾದರೂ ಹೋಗಬಹುದು. ಬೆಳಗಿನ ಪ್ರಾರ್ಥನೆಯಲ್ಲಿ ಮುಖ್ಯೋಪಾಧ್ಯಾಯಿನಿಯ ದನಿ ಎಲ್ಲ ತರಗತಿಗೂ ಕೇಳುವುದಿಲ್ಲವೇ, ಹಾಗೆ. 16 ದಾರಿ ಒಳಗೆ ಬಂದು 16 ದಾರಿ ಹೊರಗೆ ಹೋಗುವುದಾದರೆ 256 ಕಡೆ ಅವು ಒಂದನ್ನೊಂದು ಅಡ್ಡ ಹಾಯುತ್ತವೆ. ಯಾವ ಅಡ್ಡದಲ್ಲಿ ಕೊಂಡಿ ಬೀಳಬೇಕು ಎಂಬುದೇ ಯಂತ್ರದ ಕೆಲಸ.

"ಇನ್ನೊಂದಿದೆ ದೊಡ್ಡಮ್ಮ, ಲೆವೆಲ್ಲು. ಚಿತ್ರದ್ದು ಒಂದು ಲೆವೆಲ್ಲು, ಧ್ವನಿಯದು ಇನ್ನೊಂದು. ಈ ಕೋಷ್ಟಕ ಚಿತ್ರಕ್ಕೆ ಬೇರೆ, ಧ್ವನಿಗೆ ಬೇರೆ. ಸಾಮಾನ್ಯವಾಗಿ ಎರಡನ್ನೂ ಜೋಡಿಸಿಟ್ಟಿರುತ್ತೀವಿ, ಒಂದು ಗುಂಡಿ ಒತ್ತಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಧ್ವನಿ ಚಿತ್ರದ ಹಿಂದೆ ಹೋಗಬೇಕು ಅನ್ನೋದು ನಿಯಮ. ಆಡಿಯೋ ಫಾಲೋ ವಿಡಿಯೋ."

"ಸಪ್ತಪದಿ ಅನ್ನು" ಎಂದೆ.

"ಹೂಂ. ಆದರೆ ಬೇಕಾದಾಗ ಬಿಡಿಸಲೂಬಹುದು. ಚಿತ್ರ ಒಂದು ಕಡೆಯಿಂದ, ಧ್ವನಿ ಇನ್ನೊಂದು ಕಡೆಯಿಂದ. ಅದಕ್ಕೆ ಬ್ರೇಕ್‌ಅವೇ ಅಂತ ಹೆಸರು." ಒಂದು ಗುಂಡಿ ಒತ್ತಿದ. ಎದುರಿನ ಸಣ್ಣ ಪರದೆಯಲ್ಲಿ ಯಾವುದೋ ಊರಿನ ತೇರು ಎಳೆಯುತ್ತಿದ್ದರು. ಒಮ್ಮೆಲೇ ಅದಕ್ಕೆ ಮಾರುಕಟ್ಟೆಯಲ್ಲಿ ಟೊಮೆಟೊ ಬೆಲೆ ಹೇಳುವ ಹೆಂಗಸಿನ ದನಿ ಕೂಡಿಕೊಂಡಿತು. ಅವನು ನಕ್ಕ. ನಾನೂ ನಕ್ಕೆ. ನಗುತ್ತಿದ್ದಂತೆಯೇ, ಯಾಕೋ, ಒಳಗೆ ಏನೋ ಕಲಕಿತು. ಚಿತ್ರ ಹಾಗೇ ಇದ್ದು ದನಿ ಮಾತ್ರ ಬದಲಾದದ್ದನ್ನು ನಾನು ಹಿಂದೆ ಒಮ್ಮೆ ಕಂಡಿದ್ದೆ. ಆಗ ನನಗೆ ಏಳು ವರ್ಷ.

ನನ್ನದು ಆಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಕಡೆಯ ಹಳ್ಳಿ. ಅಪ್ಪ ಅಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರು. 1975ರ ಮಳೆಗಾಲದ ಹೊತ್ತಿಗೆ ನಮ್ಮ ಶಾಲೆಗೆ ಟಿ.ವಿ. ಬಂತು. ಆಗ ಬೆಂಗಳೂರಿನಲ್ಲಿ ಕೂಡ ಟಿ.ವಿ. ಕೇಂದ್ರ ಇರಲಿಲ್ಲ, ಅದು ಬಂದದ್ದು 1981ರ ನವೆಂಬರಿನಲ್ಲಿ. ರಾಜಧಾನಿಗಿಂತ ಆರು ವರ್ಷ ಮೊದಲೇ ನಮ್ಮ ಹಳ್ಳಿಯ ಮಕ್ಕಳು ಟಿ.ವಿ. ನೋಡಿದರು ಎಂದರೆ ಈಗಿನವರು ನಂಬುವುದಿಲ್ಲ. ಆದರೆ ಅದು ನಿಜ, ಇತಿಹಾಸ.

ಸೈಟ್ ಎಂದು ಅದರ ಹೆಸರು. ಉಪಗ್ರಹದ ಮೂಲಕ ಹಳ್ಳಿಗಳಿಗೆ ಪಾಠ ಮುಟ್ಟಿಸುವ ಪ್ರಯೋಗ. ವಿಕ್ರಮ್ ಸಾರಾಭಾಯಿ ಕಂಡ ಕನಸು ಅದು. 1969ರಲ್ಲಿ ನಮ್ಮ ಅಣುಶಕ್ತಿ ಇಲಾಖೆಗೂ ಅಮೆರಿಕದ ನಾಸಾಕ್ಕೂ ಒಪ್ಪಂದವಾಯಿತು. ಸಾರಾಭಾಯಿ 1971ರ ಡಿಸೆಂಬರಿನಲ್ಲೇ ತೀರಿಕೊಂಡರು. ಕನಸು ನನಸಾದದ್ದನ್ನು ಅವರು ನೋಡಲಿಲ್ಲ. ಎಟಿಎಸ್-6 ಎಂಬ ಉಪಗ್ರಹವನ್ನು 1974ರ ಮೇ ತಿಂಗಳಲ್ಲಿ ಹಾರಿಸಿದರು. ಮೇಲೆ ಹೋದ ಮೇಲೆ ಅದು ಛತ್ರಿಯಂತೆ ಬಿಚ್ಚಿಕೊಂಡಿತು, ಅಡ್ಡಳತೆ 9 ಮೀಟರು. ಮರುವರ್ಷ ಅದನ್ನು ನಮ್ಮ ದೇಶಕ್ಕೆ ಕಾಣುವ ಜಾಗಕ್ಕೆ ಸರಿಸಿ ಒಂದು ವರ್ಷಕ್ಕೆ ನಮಗೆ ಎರವಲು ಕೊಟ್ಟರು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿ.ವಿ. ನಡೆಯಿತು. ನಮ್ಮ ರಾಜ್ಯದಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು ಅದರಲ್ಲಿದ್ದವು. ಮುಂದುವರಿದ ಊರುಗಳನ್ನು ಬಿಟ್ಟು ಹಿಂದುಳಿದವುಗಳನ್ನೇ ಹುಡುಕಿ ಆರಿಸಿದ್ದು ಆ ಪ್ರಯೋಗದ ದೊಡ್ಡತನ.

ಶಾಲೆಯ ಅಂಗಳದಲ್ಲಿ ಹತ್ತು ಅಡಿ ಅಗಲದ ಬಟ್ಟಲು ನೆಟ್ಟರು. ಕೋಳಿ ಗೂಡಿಗೆ ಹಾಕುವ ಜಾಲರಿಯಿಂದ ಮಾಡಿದ್ದು. "ಇದರಾಗ ಕೋಳಿ ಎಲ್ಲೈತ್ರಿ ಮಾಸ್ತರ?" ಎಂದು ಹಿರಿಯರು ಅಪ್ಪನನ್ನು ಕೇಳುತ್ತಿದ್ದರು. ಮರದ ಪೆಟ್ಟಿಗೆಯ ಬೀಗದ ಕೈ ಅಪ್ಪನ ಬಳಿ. ಬೆಳಿಗ್ಗೆ ಒಂದೂವರೆ ಗಂಟೆ ಮಕ್ಕಳಿಗೆ, ನಾಲ್ಕು ಭಾಷೆಗೂ ಹಂಚಿ. ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಬೆಳೆ, ದನ, ಕೂಸಿನ ಆರೈಕೆ, ನಡುವೆ ಹಾಡು, ಕುಣಿತ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ, ತೆಲುಗಿನವುಗಳ ಜೊತೆಗೇ. ಅವು ಅಹಮದಾಬಾದಿನ ಭೂಕೇಂದ್ರದಿಂದ ಮೇಲಕ್ಕೆ ಹೋಗಿ, ಉಪಗ್ರಹದಿಂದ ನಮ್ಮ ಕೋಳಿ ಜಾಲರಿಗೆ ಇಳಿಯುತ್ತಿದ್ದವು.

ಈಗ ತಂಗಿಯ ಮಗನ ಲೆವೆಲ್ಲಿನ ಮಾತಿಗೆ ಬರುತ್ತೇನೆ. ಹಲವು ಭಾಷೆಗಳ ದೇಶಕ್ಕೆ ಒಂದೇ ಉಪಗ್ರಹ. ಚಿತ್ರ ಕಳಿಸುವ ದಾರಿ ಒಂದೇ. ಆಗಿನ ಎಂಜಿನಿಯರುಗಳು ಆ ಒಂದು ಚಿತ್ರದ ಜೊತೆಗೆ ಎರಡು ಧ್ವನಿಯ ದಾರಿಗಳನ್ನು ಇಟ್ಟರು. ಒಂದೇ ಹೆಂಗಸು ಒಂದೇ ಮಗುವಿಗೆ ಗಂಜಿ ಕುಡಿಸುವುದನ್ನು ಎರಡು ಭಾಷೆಯವರು ಒಂದೇ ಗಳಿಗೆಯಲ್ಲಿ ನೋಡಬಹುದು, ತಮ್ಮ ತಮ್ಮ ಮಾತಿನಲ್ಲಿ ಕೇಳಬಹುದು. ಮುನ್ನೂರು ರೂಪಾಯಿ ಸಂಬಳದಲ್ಲಿ ಇಬ್ಬರು ಮಕ್ಕಳಿಗೆ ಹಬ್ಬದ ಬಟ್ಟೆ ಹೊಲಿಸಿದ ತಾಯಂದಿರಿಗೆ ಈ ಜಾಣತನ ಏನೆಂದು ವಿವರಿಸಬೇಕಾಗಿಲ್ಲ.

ನನ್ನ ಅವ್ವ ತೆಲುಗಿನವಳು. ಕರ್ನೂಲು ಕಡೆಯ ಹಳ್ಳಿಯಿಂದ ಹದಿನಾರನೆಯ ವಯಸ್ಸಿಗೆ ಕನ್ನಡದ ಮನೆಗೆ ಬಂದವಳು. ಅಪ್ಪನ ತಾಯಿ, ನಮ್ಮ ಆಯಿ, ಮೊದಲ ವಾರದಲ್ಲೇ ಹೇಳಿಬಿಟ್ಟಿದ್ದಳಂತೆ: "ಈ ಮನ್ಯಾಗ ನಿಮ್ಮ ಮಾತು ಬ್ಯಾಡವಾ, ಹುಟ್ಟೋ ಮಕ್ಕಳ ನಾಲಗಿ ಎರಡಾಗ್ತದ." ಆಯಿ ಕೆಟ್ಟವಳಲ್ಲ. ಸೊಸೆ ಬೇಗ ತಮ್ಮವಳಾಗಲಿ ಎಂಬುದು ಅವಳ ಆಸೆ. ಅವ್ವ ಕನ್ನಡ ಕಲಿತಳು. ಆದರೆ ಅವಳ ಕನ್ನಡದಲ್ಲಿ ಕೆಲಸಕ್ಕೆ ಬೇಕಾದ ಮಾತುಗಳಷ್ಟೇ ಇದ್ದವು: ನೀರು ತಾ, ಉಣ್ಣು, ಮಲಕೋ. ನಮ್ಮ ಊರವರೆಲ್ಲ ಅವಳನ್ನು ಮೌನಿ ಎಂದೇ ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

ಒಂದು ಸಂಜೆ ಶಾಲೆಯ ಅಂಗಳದಲ್ಲಿ ಎಲ್ಲರೂ ಕೂತಿದ್ದೆವು. ಮುಂದೆ ಮಕ್ಕಳು, ನಡುವೆ ಗಂಡಸರು, ಹಿಂದೆ ಗೋಡೆಗೆ ಒರಗಿ ಹೆಂಗಸರು. ಪರದೆಯ ಮೇಲೆ ಒಬ್ಬಾಕೆ ಒಲೆಯ ಮುಂದೆ ಕೂತು ಸೊಪ್ಪು ಬೇಯಿಸುತ್ತ ಏನೋ ಹೇಳುತ್ತಿದ್ದಳು. ಜವಾನನ ಮಗ ತುಂಟ, ಅಪ್ಪ ಅತ್ತ ತಿರುಗಿದಾಗ ಪೆಟ್ಟಿಗೆಯ ಒಂದು ಗುಂಡಿ ತಿರುವಿದ. ಚಿತ್ರ ಅಲುಗಲಿಲ್ಲ. ಅದೇ ಹೆಂಗಸು, ಅದೇ ಒಲೆ. ದನಿ ಮಾತ್ರ ತೆಲುಗಾಯಿತು.

ಹಿಂದಿನಿಂದ ಯಾರೋ ನಕ್ಕದ್ದು ಕೇಳಿ ತಿರುಗಿ ನೋಡಿದೆ. ಅವ್ವ. ಅವಳು ಗೋಡೆ ಬಿಟ್ಟು ಮುಂದಕ್ಕೆ ಬಗ್ಗಿ ಕೂತಿದ್ದಳು. ಸೆರಗು ಜಾರಿದ್ದೂ ಗೊತ್ತಿರಲಿಲ್ಲ. ಪರದೆಯ ಹೆಂಗಸು ಏನೋ ಅಂದಳು, ಅವ್ವ ಅದಕ್ಕೆ ಉತ್ತರ ಕೊಟ್ಟಳು! ಗಟ್ಟಿಯಾಗಿ, ತಡೆಯಿಲ್ಲದೆ, ಪಕ್ಕದ ಮನೆಯವಳೊಡನೆ ಮಾತಾಡಿದ ಹಾಗೆ. ನನ್ನ ಅವ್ವ ಅಷ್ಟು ಉದ್ದದ ಮಾತು ಆಡಿದ್ದನ್ನು ಅದೇ ಮೊದಲು ಕೇಳಿದ್ದು.

ಆಗ ಕೂಗಿದವಳು ನಾನು. "ಅಪ್ಪಾ, ತಿಳಿಯವಲ್ದು! ಕನ್ನಡಕ್ಕ ಹಚ್ರಿ!" ಉಳಿದ ಮಕ್ಕಳೂ ದನಿಗೂಡಿಸಿದರು. ಅಪ್ಪ ಹುಡುಗನ ಕಿವಿ ಹಿಂಡಿ ಗುಂಡಿ ತಿರುವಿದರು. ಕನ್ನಡ ಬಂತು. ಮತ್ತೆ ತಿರುಗಿ ನೋಡಿದಾಗ ಅವ್ವ ಗೋಡೆಗೆ ಒರಗಿದ್ದಳು, ಸೆರಗು ತಲೆಯ ಮೇಲಿತ್ತು. ಹೆಚ್ಚೆಂದರೆ ಮೂರು ನಿಮಿಷ ನಡೆದಿರಬೇಕು ಇದೆಲ್ಲ. ವರ್ಷ ತುಂಬಿದ ಮೇಲೆ ಉಪಗ್ರಹ ನಮ್ಮನ್ನು ಬಿಟ್ಟು ಹೋಯಿತು. ಆ ಜಾಲರಿಯನ್ನು ಬಹಳ ದಿನ ಯಾರೂ ತೆಗೆಯಲಿಲ್ಲ. ಅದರ ಮೇಲೆ ಹೀರೆಬಳ್ಳಿ ಹಬ್ಬಿತ್ತು.

ಬೆಂಗಳೂರಿನಿಂದ ಬಂದ ಮೇಲೆ ನನಗೆ ಒಂದು ಹಟ ಹಿಡಿಯಿತು. ಎಲ್ಲಿಂದ ಬಂದದ್ದು ಎಲ್ಲಿಗೆ ಹೋಗಬೇಕೆಂದು ಮೊದಲು ತೀರ್ಮಾನಿಸಿದವರು ಯಾರು ಎಂದು ಓದಲು ಕೂತೆ. ಓದಿದಷ್ಟೂ ಸಿಕ್ಕವರು ಹೆಂಗಸರೇ.

ಈ ರೂಟರಿನ ಮುತ್ತಜ್ಜಿ ಟೆಲಿಫೋನ್ ಎಕ್ಸ್‌ಚೇಂಜಿನ ಹಲಗೆ. 1878ರ ಜನವರಿಯಲ್ಲಿ ಅಮೆರಿಕದ ನ್ಯೂ ಹೇವನ್ ಎಂಬ ಊರಿನಲ್ಲಿ ಜಾರ್ಜ್ ಕಾಯ್ ಎಂಬಾತ ಮೊದಲ ವಾಣಿಜ್ಯ ಎಕ್ಸ್‌ಚೇಂಜ್ ತೆರೆದ. ಅದರ ಹಲಗೆಯನ್ನು ಅವನು ಕಟ್ಟಿದ್ದು ಗಾಡಿಯ ಬೋಲ್ಟು, ಟೀ ಪಾತ್ರೆಯ ಮುಚ್ಚಳದ ಹಿಡಿ, ಹೆಂಗಸರ ಲಂಗ ಉಬ್ಬಿ ನಿಲ್ಲಲು ಒಳಗೆ ಹಾಕುತ್ತಿದ್ದ ತಂತಿ, ಇವುಗಳಿಂದ! ಆಗ ಅಲ್ಲೆಲ್ಲ ಕೆಲಸಕ್ಕೆ ಹುಡುಗರನ್ನು ಇಟ್ಟಿದ್ದರು. ಅವರು ಗಿರಾಕಿಗಳನ್ನು ಬೈಯುವುದು, ಚೇಷ್ಟೆ ಮಾಡುವುದು ಹೆಚ್ಚಾಯಿತು. ಅದೇ ವರ್ಷ ಸೆಪ್ಟೆಂಬರ್ 1ರಂದು ಬಾಸ್ಟನ್ನಿನಲ್ಲಿ ಎಮ್ಮಾ ನಟ್ ಎಂಬಾಕೆ ಕೆಲಸಕ್ಕೆ ಸೇರಿದಳು. ಜಗತ್ತಿನ ಮೊದಲ ಮಹಿಳಾ ಟೆಲಿಫೋನ್ ಆಪರೇಟರ್ ಆಕೆ. ಅಲ್ಲಿಂದ ಮುಂದೆ ಅದು ಹೆಂಗಸರ ಕೆಲಸವೇ ಆಯಿತು. ನಮ್ಮಲ್ಲೂ ಟ್ರಂಕ್ ಕಾಲ್ ಬುಕ್ ಮಾಡಿ ಕಾದು ಕೂತವರಿಗೆ ಆ ಹೆಣ್ಣು ದನಿಗಳ ನೆನಪಿದ್ದೀತು. ಒಂದು ತೂತಿನಿಂದ ಇನ್ನೊಂದು ತೂತಿಗೆ ಹಗ್ಗದಂಥ ತಂತಿ ಚುಚ್ಚುವುದು. ಎರಡು ಮನೆಗೆ ಮಾತು ಕೂಡಿಸುವುದು. ಅದೇ ತಂತಿ, ಅದೇ ಚುಚ್ಚುಮೊಳೆ ಮುಂದೆ ರೇಡಿಯೋ ಸ್ಟುಡಿಯೋಗಳಿಗೂ ಹೋಯಿತು.

ಆ ಹೆಂಗಸರ ಮೇಲೆ ಅಪವಾದವೂ ಬಂತು. ಕ್ಯಾನ್ಸಾಸ್ ಸಿಟಿಯಲ್ಲಿ ಆಲ್ಮನ್ ಸ್ಟ್ರೌಜರ್ ಎಂಬಾತ ಶವಸಂಸ್ಕಾರದ ವ್ಯಾಪಾರಿ. ತನಗೆ ಬರಬೇಕಾದ ಕರೆಗಳನ್ನು ಎಕ್ಸ್‌ಚೇಂಜಿನಾಕೆ ಎದುರಾಳಿಗೆ ಕೂಡಿಸುತ್ತಾಳೆ, ಅವಳು ಎದುರಾಳಿಯ ಹೆಂಡತಿ ಎಂದು ಅವನ ಗುಮಾನಿ, ಎಂದು ಕಥೆ ಹೇಳುತ್ತಾರೆ. ಹೆಂಗಸೇ ಬೇಡ ಎಂದು ಅವನು ತಾನಾಗಿ ಕೊಂಡಿ ಹಾಕುವ ಯಂತ್ರ ಮಾಡಿ 1891ರಲ್ಲಿ ಪೇಟೆಂಟ್ ಪಡೆದ. ತಂಗಿಯ ಮಗನ ಪೆಟ್ಟಿಗೆ ಆ ವಂಶದ್ದೇ. ಕೈ ಹೋಗಿ ಯಂತ್ರ ಬಂದಿತೇ ಹೊರತು ತೀರ್ಮಾನ ಹೋಗಲಿಲ್ಲ. ಕೋಷ್ಟಕದಲ್ಲಿ ಅಂಕಿ ಬರೆಯುವವರು ಯಾರೋ ಇದ್ದೇ ಇರಬೇಕು.

ಲೆವೆಲ್ಲು ಎಂಬ ಮಾತಿಗೆ ಅವರಲ್ಲಿ ಇನ್ನೊಂದು ಅರ್ಥವೂ ಉಂಟು: ದನಿಯ ಏರು, ಇಳಿವು. ಅದನ್ನು ನೋಡಲು ಮುಳ್ಳು ಕುಣಿಯುವ ವಿಯು ಮೀಟರು 1939ರಲ್ಲಿ ಅಮೆರಿಕದ ರೇಡಿಯೋದಲ್ಲಿ ಬಳಕೆಗೆ ಬಂತು. ಅಳತೆಯ ಹೆಸರು ಡೆಸಿಬೆಲ್, ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್‌ನ ನೆನಪಿಗೆ ಇಟ್ಟದ್ದು. ಬೆಲ್‌ನ ತಾಯಿ ಎಲೈಜಾಗೆ ಕಿವಿ ಬಹಳ ಮಂದ. ಹೆಂಡತಿ ಮೇಬಲ್ ಐದನೆಯ ವಯಸ್ಸಿಗೆ ಜ್ವರದಲ್ಲಿ ಕಿವಿ ಕಳೆದುಕೊಂಡವಳು. ಜಗತ್ತಿನ ದನಿಯನ್ನೆಲ್ಲ ಅಳೆಯುವ ಅಳತೆಗೆ, ತಾಯಿಗೂ ಹೆಂಡತಿಗೂ ತನ್ನ ದನಿ ಸರಿಯಾಗಿ ಕೇಳದ ಮನುಷ್ಯನ ಹೆಸರು. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ದನಿ ಸಣ್ಣದಾಗಿ ಕೇಳಿಸದೇ ಹೋಗುವುದು ಒಂದು. ದನಿ ದೊಡ್ಡದಾಗಿಯೇ ಬಂದೂ ಮುಟ್ಟದೇ ಹೋಗುವುದು ಇನ್ನೊಂದು. ನನ್ನ ಮನೆಯಲ್ಲಿ ನಡೆದದ್ದು ಎರಡನೆಯದು.

ಅಪ್ಪ ತೀರಿದ ಮೇಲೆ ಅವ್ವ ಗದಗಿಗೆ ನನ್ನ ಬಳಿ ಬಂದಳು. 2009ರಲ್ಲಿ ಅವಳಿಗೆ ಪಾರ್ಶ್ವವಾಯು ಬಡಿಯಿತು. ಆಸ್ಪತ್ರೆಯಲ್ಲಿ ಮೂರನೆಯ ದಿನ ಕಣ್ಣು ಬಿಟ್ಟಳು. ಮಾತು ಬಂತು, ಆದರೆ ಕನ್ನಡ ಬರಲಿಲ್ಲ. ಐವತ್ತು ವರ್ಷ ಆಡಿದ ಕನ್ನಡ ಒಂದೇ ಏಟಿಗೆ ಉದುರಿ ಹೋಗಿ, ಕೆಳಗಿದ್ದ ತೆಲುಗು ಮೇಲೆ ಬಂದಿತ್ತು. "ತಲುಪು... ತಲುಪು..." ಎನ್ನುತ್ತಿದ್ದಳು. ನಾನು ಅವಳ ಕೈ ಹಿಡಿದು, "ಹೌದವ್ವಾ, ತಲುಪೀವಿ, ದವಾಖಾನಿಗೆ ಬಂದು ತಲುಪೀವಿ, ಅಂಜಬ್ಯಾಡ" ಎಂದು ಮತ್ತೆ ಮತ್ತೆ ಹೇಳಿದೆ. ನಮ್ಮ ಕಡೆ ಆಡುಮಾತಿನಲ್ಲಿ 'ಮುಟ್ಟಿದೆವು' ಎನ್ನುತ್ತೇವೆ, 'ತಲುಪಿದೆವು' ಎಂಬ ಪುಸ್ತಕದ ಕನ್ನಡ ಅವ್ವನ ಬಾಯಿಗೆ ಎಲ್ಲಿಂದ ಬಂತು ಎಂದು ಕೂಡ ನನಗೆ ಹೊಳೆಯಲಿಲ್ಲ. ಅವಳು ತಲೆ ಅಲ್ಲಾಡಿಸುವಳು, ಮತ್ತೆ ಅದನ್ನೇ ಅನ್ನುವಳು. ಇಡೀ ಮಧ್ಯಾಹ್ನ ಹೀಗೇ ಕಳೆಯಿತು.

ಸಂಜೆ ಕಸ ಗುಡಿಸಲು ಬಂದ ಆಯಾ ಬಳ್ಳಾರಿ ಕಡೆಯವಳು. ಒಂದು ಗಳಿಗೆ ನಿಂತು ಕೇಳಿ, "ಬಾಗಲಾ ತೆಗಿ ಅಂತಾರ್ರೀ ನಿಮ್ಮವ್ವ. ತೆಲುಗಿನಾಗ ತಲುಪು ಅಂದ್ರ ಬಾಗಲಾ" ಎಂದಳು. ಹೋಗಿ ಬಾಗಿಲು ತೆರೆದಳು. ಓಣಿಯ ಗಾಳಿ ಒಳಗೆ ಬಂತು. ಅವ್ವ ಸುಮ್ಮನಾದಳು. ಆಯಾ ಹಾಸಿಗೆಯ ಅಂಚಿನಲ್ಲಿ ನಿಂತು ಅವಳೊಡನೆ ಹತ್ತು ನಿಮಿಷ ಮಾತಾಡಿದಳು. ಏನು ಮಾತೋ, ಇಬ್ಬರೂ ನಕ್ಕರು. 1975ರ ಆ ಸಂಜೆ ಕೇಳಿದ ನಗುವೇ ಅದು. ನಾಲ್ಕು ದಿನದ ಮೇಲೆ ಅವ್ವ ಹೋದಳು.

ಇದನ್ನು ನಾನು ಬೆಂಗಳೂರಿನ ಆ ತಣ್ಣನೆಯ ಕೋಣೆಯಲ್ಲಿ ತಂಗಿಯ ಮಗನಿಗೆ ಹೇಳಿದೆ. ಅವನಿಗೆ ಅಜ್ಜಿಯ ಊರು ಕರ್ನೂಲು ಎಂದು ಗೊತ್ತಿತ್ತು, ಅವಳ ಮಾತು ಇಷ್ಟು ಆಳದಲ್ಲಿ ಹೂತಿತ್ತೆಂದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ತನ್ನ ಕೆಲಸದ ಮಾತಿಗೇ ಬಂದ. ಗಂಡು ಮಕ್ಕಳು ಹಾಗೆಯೇ. ನಡುವೆ ಕೆಲವು ಕಾಲ ಚಿತ್ರದ ತಂತಿಯೊಳಗೇ ಧ್ವನಿಯನ್ನೂ ಹುದುಗಿಸಿ ಕಳಿಸುವ ಪದ್ಧತಿ ಬಂತಂತೆ, ಒಂದೇ ತಂತಿಯಲ್ಲಿ ಚಿತ್ರದ ಜೊತೆ 16 ಧ್ವನಿಗಳು. 2017ರಲ್ಲಿ ಬಂದ ಎಸ್‌ಎಂಪಿಟಿಇ 2110 ಎಂಬ ಹೊಸ ಮಾನಕದಲ್ಲಿ ಮತ್ತೆ ಚಿತ್ರದ ದಾರಿ ಬೇರೆ, ಧ್ವನಿಯ ದಾರಿ ಬೇರೆ. "ಈಗ ಕ್ರಿಕೆಟ್ ನೋಡಿ ದೊಡ್ಡಮ್ಮ. ಆಟದ ಚಿತ್ರ ಒಂದೇ. ಕನ್ನಡ ಬೇಕೋ ತೆಲುಗು ಬೇಕೋ, ಮನೇಲಿ ಕೂತವರೇ ಆರಿಸಿಕೊಳ್ಳಬಹುದು" ಎಂದ. ಹೌದಪ್ಪ ಎಂದೆ. ಆರಿಸುವ ಗುಂಡಿ ಆ ದಿನವೂ ಇತ್ತು. ಅದು ಅವ್ವನ ಕೈಗೆ ಎಟುಕುವಲ್ಲಿ ಇರಲಿಲ್ಲ, ಅಷ್ಟೇ. ಎಟುಕಿದ್ದರೂ ನಾನು ಕೂಗುತ್ತಿದ್ದೆ.

ಜೂನ್‌ನಲ್ಲಿ ಶಾಲೆ ತೆರೆಯಿತು. ಎಂಟನೆಯ ತರಗತಿಯಲ್ಲಿ ಮೊದಲ ದಿನ ಪಾಠ ಮಾಡಲಿಲ್ಲ. "ನಿಮ್ಮ ನಿಮ್ಮ ಮನೆಯಲ್ಲಿ ಬಾಗಿಲಿಗೆ ಏನಂತೀರಿ?" ಎಂದು ಕೇಳಿದೆ. ಬಾಗಲಾ ಎಂದರು, ಕದ ಎಂದರು. ಒಬ್ಬ ಹುಡುಗಿ ದರ್ವಾಜಾ ಎಂದಳು. ಇನ್ನೊಬ್ಬ ನಾಚುತ್ತ ದಾರ ಎಂದ, ಅವನ ಮನೆಯಲ್ಲಿ ಮರಾಠಿ. ಎಲ್ಲವನ್ನೂ ಹಲಗೆಯ ಮೇಲೆ ಬರೆದೆ. ಕೊನೆಗೆ ನಾನೇ 'ತಲುಪು' ಎಂದು ಬರೆದೆ.

ಮಕ್ಕಳು ನಕ್ಕರು. "ಅದು ಬಾಗಿಲಲ್ಲ ಟೀಚರ್, ಬಂದು ಮುಟ್ಟೋದು!"

"ಹೌದು, ನಮಗೆ ಹಾಗೆ" ಎಂದೆ. "ನಮ್ಮವ್ವಗೆ ಬಾಗಿಲು."